ಮೋರಿ ದಾಟೋಗಂಟ ಮಾತಾಡಿ, ಅಣ್ಣ

ನನ್ನ ಸೀಟಿನ ನೆತ್ತಿಯ ಮೇಲೆ ತಮಿಳಿನಲ್ಲಿ ಒಂದು ಸಾಲು ಬರೆದಿದೆ: ಓಡುವ ಬಸ್ಸಿನಲ್ಲಿ ಡ್ರೈವರ್ ಜೊತೆ ಮಾತಾಡಬೇಡಿ. ಬರೆಸಿದವರಿಗೆ ನಾನು ಯಾರೆಂದು ಗೊತ್ತಿರಲಿಕ್ಕಿಲ್ಲ, ಆದರೂ ನನಗೆಂದೇ ಬರೆಸಿದ ಹಾಗಿದೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ದಾರಿ ಬಿಡದ ಎತ್ತಿನಗಾಡಿಯವನಿಂದ ಹಿಡಿದು, ಬ್ರೇಕ್ ಹಾಕಿದ ಕೂಡಲೇ "ಯಾಕ ನಿಲ್ಸುದ್ರಿ?" ಎಂದು ಕೇಳುವ ಪುಣ್ಯಾತ್ಮನವರೆಗೆ ಎಲ್ಲರಿಗೂ ಅದರಲ್ಲಿ ಪಾಲು ಸಿಕ್ಕಿದೆ. ಅಂಥ ನಾನು ಒಂದು ವರ್ಷಕ್ಕೂ ಮೇಲ್ಪಟ್ಟು ಆ ಸಾಲಿನ ಕೆಳಗೇ ಕುಳಿತು, ಬಸ್ಸು ಓಡಿಸುತ್ತಾ, ದಿನಾ ಬಾಯಿತುಂಬ ಮಾತಾಡಿದೆ. ಮಾತಾಡಿಸಿದವಳು ನನ್ನ ಕಂಡಕ್ಟರ್. ಅವಳ ವಿಷಯ ಬರೆಯಬೇಕೆಂದು ಬಹಳ ದಿನದಿಂದ ಇದ್ದೆ.

ನನ್ನದು ತಾಳವಾಡಿಯಿಂದ ಹೊರಟು ತಾಳಮಲೆಯ ಕಾಡಿನೊಳಗೆ ಹಾದು ಸತ್ಯಮಂಗಲಕ್ಕೆ ಇಳಿಯುವ ಬಸ್ಸು. ಬೆಳಿಗ್ಗೆ ಇಳಿಯುತ್ತೇವೆ, ಬೆಳಕಿರುವಾಗಲೇ ಹತ್ತಿ ಬರುತ್ತೇವೆ. ಡಿಪೋದಲ್ಲಿ ತಮಿಳು, ಬಸ್ಸಿನೊಳಗೆ ಮುಕ್ಕಾಲು ಪಾಲು ಕನ್ನಡ, ಸಿಟ್ಟು ಬಂದಾಗ ಎರಡೂ. ನಾನು ಇದೇ ಸೀಮೆಯವನು. ಮನೆಯಲ್ಲಿ ಎಲೆಕೋಸು, ರಾಗಿ, ಮಾದಪ್ಪನ ಪಟ, ಹೊರಗೆ ಸ್ಟೇರಿಂಗ್. ಸ್ಟೇರಿಂಗ್ ಹಿಡಿದ ಮೇಲೆ ನೇಗಿಲು ಹಿಡಿದವನಲ್ಲ, ಹಿಡಿಯುವ ಮನಸ್ಸೂ ಬಂದಿಲ್ಲ.

ನನ್ನ ಹಳೆಯ ಕಂಡಕ್ಟರ್ ನಿವೃತ್ತನಾದಾಗ ಅವನ ಜಾಗಕ್ಕೆ ಒಬ್ಬ ಹೆಂಗಸು ಬರುತ್ತಾಳೆ ಎಂಬ ಸುದ್ದಿ ಬಂತು. ಡಿಪೋ ಕ್ಯಾಂಟೀನಿನಲ್ಲಿ ನಕ್ಕವರೇ ನಕ್ಕವರು. ಇವನ ಜೊತೆ ಗಂಡಸರೇ ನಿಲ್ಲುವುದಿಲ್ಲ, ಪಾಪ ಆ ಹೆಣ್ಣುಮಗಳು ಯಾವ ಜನ್ಮದಲ್ಲಿ ಏನು ಮಾಡಿದ್ದಳೋ, ಅಂತ. ಅವಳು ಜೀರಹಳ್ಳಿ ಕಡೆಯವಳು, ಮೂವತ್ತು ದಾಟಿದ ವಯಸ್ಸು. ಗಂಡ ಕೆಳಗಿನ ಇನ್ನೊಂದು ಡಿಪೋದಲ್ಲಿ ಡ್ರೈವರ್ ಆಗಿದ್ದವನು, ತೀರಿಕೊಂಡ. ಆ ಕೆಲಸದ ಬದಲಿಗೆ ಇವಳಿಗೆ ಇದು ಬಂತು. ಇಷ್ಟೇ ಎಲ್ಲರಿಗೂ ಗೊತ್ತಿದ್ದದ್ದು. ನಾನೂ ಹೆಚ್ಚಿಗೆ ಕೇಳಲಿಲ್ಲ. ಮೊದಲ ದಿನ ಬಸ್ಸಿನ ಮುಂದೆ ನಿಂತು, ಚಕ್ರಕ್ಕೆ ಕೈಮುಟ್ಟಿಸಿ ಕಣ್ಣಿಗೊತ್ತಿಕೊಂಡು, "ಬರ್ಲಾ ಅಣ್ಣ?" ಎಂದಳು. "ಬಾವ್ವ, ಬಾ. ಬಸ್ಸು ನನ್ನಪ್ಪಂದೇನಲ್ಲ" ಎಂದೆ. ಅದಕ್ಕೂ ನಕ್ಕು ಹತ್ತಿದಳು.

ಆ ದಿನವೇ ಒಬ್ಬ ಕುಡುಕ ಗಂಟುಬಿದ್ದ. ಬೆಳಿಗ್ಗೆಯೇ ಏರಿಸಿಕೊಂಡು ಬಂದಿದ್ದ. "ಎಂಗಸು ವಿಸಿಲ್ ಊದುದ್ರ ಬಸ್ ಓಡ್ತದೇನ್ಲಾ?" ಎಂದು ಹಿಂದಿನಿಂದ ಕೂಗುತ್ತಿದ್ದ. ಬೇರೆ ಸಾಲುಗಳೂ ಇದ್ದವು, ಬರೆಯುವಂಥವಲ್ಲ. ನಾನು ಬಸ್ಸು ನಿಲ್ಲಿಸಿ ಅವನನ್ನು ಕಾಲರ್ ಹಿಡಿದು ಇಳಿಸುವ ಲೆಕ್ಕದಲ್ಲಿದ್ದೆ. ಕನ್ನಡಿಯಲ್ಲಿ ನೋಡುತ್ತೇನೆ, ಇವಳು ಅವನ ಹತ್ತಿರ ಹೋಗಿ ಏನೋ ಗುಟ್ಟು ಹೇಳುವವಳ ಹಾಗೆ ಬಗ್ಗಿದ್ದಾಳೆ. ನಮ್ಮ ಬಸ್ಸಿನಲ್ಲಿ ಒಬ್ಬ ಅಜ್ಜಿ ಬರುತ್ತಾಳೆ, ಕಾಡಿನೊಳಗಿನ ಹಾಡಿಯವಳು, ಸತ್ಯಮಂಗಲದ ಸಂತೆಗೆ ಸೀಗೆಕಾಯಿ ಒಯ್ಯುತ್ತಾಳೆ, ಬಾಯಲ್ಲಿ ಸದಾ ಎಲೆಅಡಿಕೆ. ಆವತ್ತು ಕಾಲು ಕಟ್ಟಿದ ಕೋಳಿಯೊಂದನ್ನೂ ತಂದಿದ್ದಳು, ಅದು ಇಡೀ ಬಸ್ಸು ಹಾರಾಡುತ್ತಿತ್ತು. ಇವಳು ಆ ಕೋಳಿಯನ್ನು ಎತ್ತಿ ಕುಡುಕನ ಮಡಿಲಿಗೆ ಕೊಟ್ಟಳು. "ಅಣ್ಣ, ಅಜ್ಜಿ ಕೈಲಿ ಆಯ್ತಾ ಇಲ್ಲ. ಗಟ್ಟಿ ಕೈ ಇರೋರು ಇಲ್ಲಿ ನೀವೊಬ್ರೇ. ಸತ್ಯಮಂಗಲ ಬರೋಗಂಟ ನೋಡ್ಕಳಿ" ಎಂದಳು.

ಅವನು ಕೋಳಿಯನ್ನು ನೋಡಿದ, ಕೋಳಿ ಅವನನ್ನು ನೋಡಿತು. ಆಮೇಲೆ ಆ ಮನುಷ್ಯ ಬಾಯಿಬಿಟ್ಟಿದ್ದರೆ ಕೇಳಿ. ಎರಡು ಕೈಯಲ್ಲೂ ತಬ್ಬಿ ಹಿಡಿದುಕೊಂಡು, ಘಟ್ಟದ ತಿರುವುಗಳಲ್ಲಿ ಅದಕ್ಕೆ ಏಟಾಗದಂತೆ ತಾನೇ ಓಲಾಡಿಕೊಂಡು, ಸತ್ಯಮಂಗಲದ ಬಸ್‌ಸ್ಟ್ಯಾಂಡಿನಲ್ಲಿ ಅಜ್ಜಿಯ ಕೈಗೆ ಒಪ್ಪಿಸಿ ಇಳಿದ. ಇಳಿಯುವಾಗ ಇವಳಿಗೆ ಕೈ ಮುಗಿದ ಬೇರೆ! "ಏನವ್ವ, ಮಾಟಗೀಟ ಕಲ್ತಿದ್ದೀಯಾ?" ಎಂದು ಕೇಳಿದೆ. "ಅಯ್ಯೋ, ಅವ್ರ ಮನೇಲಿ ಯಾರೂ ಅವ್ರ ಕೈಗ ಒಂದು ಪಾತ್ರೆನೂ ಕೊಡಲ್ಲ ಅನ್ಸುತ್ತ ಅಣ್ಣ" ಎಂದು ಟಿಕೆಟ್ ಮಿಷನ್ನು ಒರೆಸುತ್ತಾ ಕುಳಿತಳು.

ಇನ್ನೊಮ್ಮೆ ಒಬ್ಬ ಹುಡುಗಿ, ಹೊಸದಾಗಿ ಮದುವೆಯಾದವಳು, ಒಂದು ಚೀಲ ಹಿಡಿದುಕೊಂಡು ಹತ್ತಿ ಅಳುತ್ತಾ ಕುಳಿತಳು. ಎಲ್ಲಿಗೆ ಅಂದರೆ ಬಾಯಿಲ್ಲ. ನಾನಾಗಿದ್ದರೆ ಊರಿನ ಹೆಸರು ಹೇಳು, ಇಲ್ಲ ಇಳಿ ಅನ್ನುತ್ತಿದ್ದೆ. ಇವಳು ಕೊನೆಯ ಸ್ಟಾಪಿನ ಟಿಕೆಟ್ ಹರಿದು ಅವಳ ಕೈಗಿಟ್ಟು, "ಇದು ಕಡೇಗಂಟ ನಡೀತದ. ನಿಂಗ ಎಲ್ಲಿ ಇಳೀಬೇಕು ಅನ್ಸುತ್ತೋ ಅಲ್ಲಿ ಇಳ್ಕೊ" ಎಂದು ಸುಮ್ಮನೆ ಹಿಂದೆ ಹೋದಳು. ಹುಡುಗಿ ತಾಳಮಲೆ ದಾಟಿದ ಮೇಲೆ ಕಣ್ಣೊರೆಸಿಕೊಂಡಳು. ಘಟ್ಟದ ನೆತ್ತಿಯ ದಿಂಬದಲ್ಲಿ ಇಳಿದು, ಎದುರು ಬಂದ ಬಸ್ಸಿಗೆ ಕೈ ತೋರಿಸಿ ವಾಪಸ್ಸು ಹೋದಳು. ಗಂಡನ ಮನೆಗೋ ತವರಿಗೋ ನನಗೆ ಗೊತ್ತಾಗಲಿಲ್ಲ. ಆದರೆ ಹತ್ತಿದ ಹುಡುಗಿಯ ಮುಖವೇ ಬೇರೆ, ಇಳಿದವಳ ಮುಖವೇ ಬೇರೆ.

ಅದೇ ವರ್ಷ ಡಿಪೋದಲ್ಲಿ ನಮಗೆಲ್ಲ ಒಂದು ತರಬೇತಿ ಇಟ್ಟರು. ಕೋಪ ತಡೆದುಕೊಳ್ಳುವುದು ಹೇಗೆ, ಎದುರಿನವರ ಮನಸ್ಸು ಓದುವುದು ಹೇಗೆ ಅಂತ. ಕೊಯಮತ್ತೂರಿನಿಂದ ಬಂದಿದ್ದ ಮೇಷ್ಟ್ರು ಒಳ್ಳೆಯ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಮೆದು ಮಾತು. ಸಿಟ್ಟು ಬಂದಾಗ ನೀರು ಕುಡಿಯಿರಿ ಎಂದಾಗ ಹಿಂದಿನ ಬೆಂಚಿನವನು, "ಇವನಿಗೆ ಕೊಳಾಯಿ ಸಾಲದು ಸಾರ್, ಭವಾನಿಸಾಗರದ ಡ್ಯಾಮೇ ಬೇಕು" ಎಂದು ನನ್ನನ್ನು ತೋರಿಸಿದ. ಎಲ್ಲರೂ ನಕ್ಕರು, ಮೇಷ್ಟ್ರೂ ನಕ್ಕರು. ಆದರೆ ಅವರು ಹೇಳಿದ ಒಂದು ಮಾತು ನನಗೆ ಹಿಡಿಸಿತು. ಬಸ್ಸಿಗೆ ಯಾರೂ ಒಬ್ಬರೇ ಹತ್ತುವುದಿಲ್ಲ, ಅವರ ಮನೆಯೂ ಜೊತೆಗೆ ಹತ್ತುತ್ತದೆ, ಅದಕ್ಕೆ ನೀವು ಟಿಕೆಟ್ ಕೊಡುವುದಿಲ್ಲ ಅಷ್ಟೆ, ಎಂದರು. ನಾನು ತಿರುಗಿ ಇವಳ ಮುಖ ನೋಡಿದೆ. ಅವಳು ಎಲ್ಲರ ಹಾಗೆ ತಲೆಯಾಡಿಸುತ್ತಾ ಬಿಸ್ಕತ್ತು ತಿನ್ನುತ್ತಿದ್ದಳು.

ಇನ್ನು ನನ್ನ ಕಥೆಗೆ ಬರುತ್ತೇನೆ.

ತಾಳಮಲೆಗೂ ದಿಂಬಕ್ಕೂ ನಡುವೆ ರಸ್ತೆ ಒಂದು ಹಳ್ಳ ದಾಟುತ್ತದೆ. ಹಳ್ಳದ ತಾಳಮಲೆ ಕಡೆಯ ದಡದಿಂದಲೇ ಸೀಗೆಕಾಯಿ ಅಜ್ಜಿಯ ಹಾಡಿಗೆ ಕಾಲುದಾರಿ. ಹಳ್ಳದ ಮೇಲೆ ಹಳೆಯ ಕಲ್ಲಿನ ಮೋರಿ, ಅದರ ಎರಡು ಬದಿಗೂ ಬಿದಿರು ಮೆಳೆ, ಮೋರಿಯನ್ನು ತಬ್ಬಿಕೊಂಡ ಹಾಗೆ ಒಂದು ತಿರುವು. ಆ ಕಡೆಯಿಂದ ಏನು ಬರುತ್ತಿದೆ ಎಂಬುದು ಮೂತಿಗೆ ಮೂತಿ ತಾಗುವವರೆಗೂ ಕಾಣುವುದಿಲ್ಲ. ಒಂದು ಸಾಯಂಕಾಲ ನಾವು ಹತ್ತಿ ಬರುತ್ತಿದ್ದಾಗ ಅಲ್ಲಿ ಒಂದು ಒಂಟಿ ಸಲಗ ನಿಂತಿತ್ತು. ಆನೆ ನನಗೇನು ಹೊಸದೇ? ಈ ದಾರಿಯಲ್ಲಿ ವಾರಕ್ಕೊಮ್ಮೆಯಾದರೂ ದರ್ಶನ ಕೊಡುತ್ತದೆ. ಎಂಜಿನ್ ಆಫ್ ಮಾಡಿ, ಹಾರ್ನ್ ಮುಟ್ಟದೆ ಕುಳಿತರೆ ಅದರ ಪಾಡಿಗೆ ಹೋಗುತ್ತದೆ. ಆವತ್ತು ಹೋಗಲಿಲ್ಲ. ಸೀದಾ ಬಂತು. ಕೊಂಬು ಗಾಜಿಗೆ ತಾಗಿತು, ಗಾಜು ಚಟಚಟ ಎಂದು ಬಿರಿಯಿತು. ಸೊಂಡಿಲು ಪಕ್ಕದ ಕಿಟಕಿಯ ಕಂಬಿಯ ಸಂದಿನಿಂದ ಒಳಗೆ ಬಂದು ನನ್ನ ಎದೆಯನ್ನು ಮೂಸಿತು. ಬಿಸಿ ಉಸಿರು, ಹಸಿ ಬಿದಿರಿನ ವಾಸನೆ. ಹಿಂದೆ ಜನ ಕಿರುಚುತ್ತಿದ್ದದ್ದು ಎಲ್ಲೋ ದೂರದಲ್ಲಿ ಕೇಳಿಸುತ್ತಿತ್ತು. ಇವಳು ಮಾತ್ರ ಎಲ್ಲರನ್ನೂ ಹಿಂದಿನ ಸೀಟುಗಳಿಗೆ ಸರಿಸಿ, ಬಾಯಿ ಮುಚ್ಚಿಸಿ ಕೂರಿಸಿದ್ದಳಂತೆ. ಯಾರಿಗೂ ಒಂದು ಗೀರು ಗಾಯ ಆಗಲಿಲ್ಲ. ಆನೆಗೆ ಬೇಜಾರಾಗಿ ತಾನೇ ಪಕ್ಕಕ್ಕೆ ಇಳಿದುಹೋಯಿತು. ನಾನು ಬಸ್ಸನ್ನು ತಾಳವಾಡಿಗೆ ತಂದು ನಿಲ್ಲಿಸಿದೆ, ಎಲ್ಲರೂ ಬೆನ್ನು ತಟ್ಟಿದರು.

ಮಾರನೆಯ ದಿನದಿಂದ ಮನೆಗೆ ಜನ ಬರಲು ಶುರು. ನಮ್ಮ ಕಡೆ ಯಾರಿಗಾದರೂ ಏನಾದರೂ ಆಗಲಿ, ಊರೆಲ್ಲ ಬಂದು ಧೈರ್ಯ ಹೇಳಿ ಹೋಗಬೇಕು. ಹೇಳದಿದ್ದರೆ ನೆಂಟಸ್ತಿಕೆಗೇ ಕುಂದು. ಬಂದವರು ಜಗಲಿಯ ಮೇಲೆ ಕುಳಿತು, ಕಾಫಿ ಕುಡಿದು, "ಧೈರ್ಯವಾಗಿರಪ್ಪ, ಏನಾಗಲ್ಲ" ಎನ್ನುವರು. ಆಮೇಲೆ ಕಾಲು ಚಾಚಿಕೊಂಡು ಆನೆ ತುಳಿದು ಸತ್ತವರ ಕಥೆ ಹೇಳುವರು. ಒಬ್ಬರು ಮುಗಿಸಿದರೆ ಇನ್ನೊಬ್ಬರದು ಅದಕ್ಕಿಂತ ಜೋರು. ನನ್ನ ಹೆಂಡತಿಯ ದೊಡ್ಡಮ್ಮ ಒಂದು ತಾಯತ ತಂದು, "ಎದ್ರಿಕ ಓಗ್ಲಿ ಅಂತ ಮಂತ್ರ ಆಕ್ಸ್ಕ ಬಂದಿವ್ನಿ" ಎಂದು ಎಲ್ಲರ ಮುಂದೆ ನನ್ನ ತೋಳಿಗೆ ಕಟ್ಟಲು ಬಂದಳು. "ಯಾರ್ಗ ಎದ್ರಿಕ? ನಂಗಾ?" ಎಂದು ಕೂಗಾಡಿ ತಾಯತವನ್ನು ಸೂರಿಗೆ ಸಿಕ್ಕಿಸಿದೆ.

ಹೆದರಿಕೆ ನನಗೇ ಇತ್ತು. ಬಸ್ಸು ಮೋರಿಯ ತಿರುವಿಗೆ ಬರುತ್ತಿದ್ದ ಹಾಗೆ ಎಡಗಾಲು ಕ್ಲಚ್ಚಿನ ಮೇಲೆ ತನ್ನ ಪಾಡಿಗೆ ತಾನು ಕುಣಿಯಲು ಶುರುಮಾಡುತ್ತಿತ್ತು. ಕೈ ಬೆವರಿ ಸ್ಟೇರಿಂಗ್ ಜಾರುತ್ತಿತ್ತು. ಬೇಡದ ಕಡೆ ಗೇರು ಇಳಿಸುತ್ತಿದ್ದೆ, ಬಸ್ಸು ಜಗ್ಗುತ್ತಿತ್ತು. ಯಾರಾದರೂ "ಏನಣ್ಣ?" ಎಂದರೆ ಎಗರಿಬೀಳುತ್ತಿದ್ದೆ. ಇದನ್ನು ಯಾರಿಗೆ ಹೇಳಲಿ? ಡಿಪೋದಲ್ಲಿ ಹೇಳಿದರೆ ದಾರಿಯಿಂದ ಇಳಿಸಿ ಶೆಡ್ಡಿಗೆ ಹಾಕುತ್ತಾರೆ, ಬಸ್ಸು ತೊಳೆಯುವುದನ್ನು ನೋಡಿಕೊಂಡು ಕೂರಬೇಕು. ಮನೆಯಲ್ಲಿ ಹೇಳಿದರೆ ಜಗಲಿ ಮತ್ತೆ ತುಂಬುತ್ತದೆ. ಹೇಳದೆ ಇದ್ದರೆ ಹಿಂದೆ ಕೂತ ಜನರ ಪ್ರಾಣ ನನ್ನ ಕುಣಿಯುವ ಕಾಲಿನಡಿ. ಸ್ಟೇರಿಂಗ್ ಬಿಟ್ಟರೆ ನಾನು ಯಾರು? ಸ್ನಾನ ಮಾಡುವಾಗ ನೀರು ಸುರಿದುಕೊಂಡು ಅತ್ತಿದ್ದೇನೆ, ಈಗ ಹೇಳಲು ನಾಚಿಕೆಯಿಲ್ಲ. ಆ ತಿಂಗಳು ಮುಗಿದ ಮೇಲೆ ಮ್ಯಾನೇಜರ ಬಳಿ ಹೋಗಿ, ಬೆನ್ನುನೋವು ಎಂದು ಸುಳ್ಳು ಹೇಳಿ ಬಸ್ಸು ಬಿಟ್ಟುಬಿಡುವುದು ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡೆ.

ಹಾಗೆ ತೀರ್ಮಾನ ಮಾಡಿಕೊಂಡ ಮೇಲೆ ಒಂದು ಬೆಳಿಗ್ಗೆ, ತಾಳಮಲೆಯಲ್ಲಿ ಜನ ಹತ್ತುತ್ತಿದ್ದಾಗ, ಇವಳು ನನ್ನ ಕಿಟಕಿಯ ಕೆಳಗೆ ಬಂದು ನಿಂತಳು. ಮುಖ ಸಪ್ಪಗಿತ್ತು.

"ಅಣ್ಣ, ಒಂದ್ ಮಾತು. ಬೈಬಾರ್ದು."

"ಏನ್ ಮಾತು, ಏಳು."

"ಆ ಮೋರಿ ತಿರುವಲ್ಲಿ ನಂಗ ಎದ್ರಿಕ ಅಣ್ಣ. ಆವತ್ತಿಂದ ಅಲ್ಲಿ ಬತ್ತಿದ್ದಂಗ ಎದೆ ಡವಡವ ಅಂತದ. ಟಿಕೆಟ್ ಅರಿಯಕ್ಕೂ ಆಗಲ್ಲ. ಯಾರ್ಗೂ ಏಳ್ಬ್ಯಾಡಿ. ನಾನು ಅಲ್ಲಿ ನಿಮ್ ಪಕ್ಕ ಬಂದು ನಿಂತ್ಕತೀನಿ. ಮೋರಿ ದಾಟೋಗಂಟ ಏನಾರ ಮಾತಾಡ್ತಿರಿ. ನಿಮ್ ದನಿ ಕೇಳ್ತಿದ್ರ ಧೈರ್ಯ ಬತ್ತದ."

ನಾನು ನೆತ್ತಿಯ ಮೇಲಿನ ಸಾಲು ತೋರಿಸಿದೆ. "ನಂಗ ತಮಿಳು ಓದಕ್ಕ ಬರಲ್ಲ ಅನ್ಕಳಿ" ಎಂದಳು. ನನಗಿಂತ ಚೆನ್ನಾಗಿ ಓದುತ್ತಾಳೆ ಎಂಬುದು ಬೇರೆ ಮಾತು.

ಎಂಥ ವಿಚಿತ್ರ ನೋಡಿ. ಅವಳು ಹಾಗೆ ಅಂದ ಕೂಡಲೇ ನನಗೆ ಬೆನ್ನು ನೆಟ್ಟಗಾಯಿತು. ಅಯ್ಯೋ ಪಾಪ, ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು, ಹೊಟ್ಟೆಪಾಡಿಗೆ ಬಂದಿದ್ದಾಳೆ, ಇವಳಿಗೆ ನಾನಲ್ಲದೆ ಯಾರು ಧೈರ್ಯ ಹೇಳಬೇಕು? ಮೋರಿ ಹತ್ತಿರ ಬಂತು, ಅವಳು ಬಾನೆಟ್ಟಿನ ಪಕ್ಕ ಕಂಬಿ ಹಿಡಿದು ನಿಂತಳು. "ಎದರ್ಬ್ಯಾಡ ಕಣವ್ವ, ನಾನಿವ್ನಿ" ಎಂದೆ. ಆಮೇಲೆ ಏನು ಹೇಳಬೇಕೋ ತಿಳಿಯದೆ, ನಮ್ಮಪ್ಪ ಒಂದು ಸಲ ಕುಂಟೆತ್ತು ಕೊಂಡುಕೊಂಡು ಬಂದು ಅದು ಕುಂಟುವುದಿಲ್ಲ, ನಾಚಿಕೊಳ್ಳುತ್ತದೆ ಎಂದು ನಮ್ಮವ್ವನ ಹತ್ತಿರ ವಾದ ಮಾಡಿದ ಕಥೆ ಶುರುಮಾಡಿದೆ. ಕಾಲು ಕುಣಿಯುತ್ತಲೇ ಇತ್ತು, ಆದರೆ ಅದನ್ನು ನೋಡಿಕೊಂಡು ಕೂರಲು ಪುರುಸೊತ್ತಿರಲಿಲ್ಲ. ಮುಂದಿನ ಸೀಟಿನಲ್ಲಿದ್ದ ಸೀಗೆಕಾಯಿ ಅಜ್ಜಿ, "ಅದ್ಯಾವ ಎತ್ಲಾ ನಾಚ್ಕಳದು!" ಎಂದು ಎಲೆಅಡಿಕೆ ಉಗಿಯುವಷ್ಟು ನಕ್ಕಳು.

ಅವತ್ತಿನಿಂದ ದಿನಕ್ಕೊಂದು ಕಥೆ. ಇಳಿಯುವಾಗ ಅರ್ಧ, ಹತ್ತುವಾಗ ಅರ್ಧ. ಮಾತು ಖಾಲಿಯಾದಾಗ ಆನೆಯ ಎದುರು ಏನು ಮಾಡಬೇಕು ಎಂದು ಅವಳಿಗೆ ಪಾಠ ಹೇಳಿದೆ. ಕಿವಿ ಬೀಸುತ್ತಿದ್ದರೆ ಹೀಗೆ, ಕಿವಿ ಅಗಲಿಸಿ ನಿಂತರೆ ಹೀಗೆ, ಮಣ್ಣು ಕೆದರಿದರೆ ಹೀಗೆ. ಅವಳು ಕಣ್ಣರಳಿಸಿಕೊಂಡು, "ಔದಾ ಅಣ್ಣ?" "ಅಬ್ಬಾ!" ಎನ್ನುತ್ತಿದ್ದಳು. ನಾನು ಮತ್ತೂ ಹಿಗ್ಗಿ ಹೀರೇಕಾಯಾಗುತ್ತಿದ್ದೆ. ಪಕ್ಕದಲ್ಲಿ ನಿಂತಾಗ ಅವಳ ಕಣ್ಣು ಆಗಾಗ ಕೆಳಗೆ, ನನ್ನ ಕಾಲಿನ ಕಡೆ ಹೋಗುತ್ತಿದ್ದದ್ದನ್ನು ಕಂಡಿದ್ದೇನೆ. ಚಪ್ಪಲಿ ನೋಡುತ್ತಾಳೇನೋ ಎಂದುಕೊಂಡಿದ್ದೆ. ತಿಂಗಳು ಮುಗಿಯಿತು, ಮ್ಯಾನೇಜರ ಬಳಿ ಹೋಗಲಿಲ್ಲ. ನಾನು ರಜೆ ಹಾಕಿದರೆ ಈ ಮಗುವಿನ ಗತಿಯೇನು ಎಂದು ನೆಗಡಿ ಬಂದಾಗಲೂ ಡ್ಯೂಟಿಗೆ ಹೋದೆ. ಮಳೆಗಾಲ ಕಳೆದು, ಬಿದಿರು ಒಣಗಿ, ಮತ್ತೆ ಚಿಗುರಿತು. ಒಂದು ದಿನ ಅದೇ ತಿರುವಿನಲ್ಲಿ ಮರಿಯ ಸಮೇತ ಹಿಂಡು ದಾಟುತ್ತಿತ್ತು. ಎಂಜಿನ್ ಆಫ್ ಮಾಡಿ, ನಾಚುವ ಎತ್ತಿನ ಕಥೆಯನ್ನೇ ಪಿಸುದನಿಯಲ್ಲಿ ಮುಂದುವರಿಸಿದೆ. ಹಿಂಡು ಹೋದ ಮೇಲೆ ಬಸ್ಸು ಹೊರಡಿಸುವಾಗ ನೋಡಿದರೆ ನನ್ನ ಎಡಗಾಲು ಸಾಧು ಹಸುವಿನ ಹಾಗೆ ಸುಮ್ಮನಿತ್ತು. ಅದು ಎಂದಿನಿಂದ ಸುಮ್ಮನಾಗಿತ್ತೋ ನನಗೇ ಗೊತ್ತಿರಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಇವಳ ತಾಯಿ ನಮ್ಮ ಬಸ್ಸಿಗೆ ಬಂದರು. ಸತ್ಯಮಂಗಲದಲ್ಲಿ ಕಣ್ಣು ತೋರಿಸಲು ಹೊರಟಿದ್ದರು. ಮುಂದಿನ ಸೀಟಿನಲ್ಲಿ ಕೂರಿಸಿದೆ. ಇವಳು ಹಿಂದೆ ಟಿಕೆಟ್ ಕೊಡುತ್ತಿದ್ದಾಗ, ದೊಡ್ಡಸ್ತಿಕೆಗೆ ನಾನೇ ಮಾತು ತೆಗೆದೆ. "ನಿಮ್ಮ ಮಗಳಿಗೆ ಆನೆ ಅಂದ್ರೆ ಪ್ರಾಣಭಯ ಕಣಮ್ಮ, ನಾನು ನೋಡ್ಕತಿವ್ನಿ, ನೀವೇನೂ ಯೋಚ್ನೆ ಮಾಡ್ಬ್ಯಾಡಿ" ಎಂದೆ.

ಆ ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾರು, ಇವ್ಳಾ? ಅವ್ರಪ್ಪ ಓದ್ ಮ್ಯಾಲ ನಮ್ ಒಲ ಕಾಯ್ದಿದ್ದೇ ಇವ್ಳು ಕಣಪ್ಪ. ಅಟ್ಟಣೆ ಮ್ಯಾಲ ಒಬ್ಳೇ ಕುಂತು ತಗಡು ಬಡ್ದು ಆನ ಓಡುಸ್ತಿದ್ಲು. ಪಕ್ಕದೊಲದೋರು ಆನ ಬಂದ್ರ ಇವ್ಳನ್ನೇ ಕರೀತಿದ್ರು. ಇವ್ಳಿಗ ಎದ್ರಿಕಯಾ!" ಎಂದು ಸೆರಗು ಬಾಯಿಗಿಟ್ಟು ನಕ್ಕರು.

ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ವರ್ಷ! ಒಂದು ವರ್ಷ ನನ್ನ ಕಿವಿಗೆ ಹೂವು ಮುಡಿಸಿದ್ದಳು. ಅಟ್ಟಣೆ ಮೇಲೆ ಕುಳಿತು ಆನೆ ಓಡಿಸಿದವಳಿಗೆ ನಾನು ಆನೆ ಪಾಠ ಹೇಳಿದ್ದೆ! ಮೋರಿಯ ಹತ್ತಿರ ಅವಳು ಬಂದು ನಿಂತಾಗ ನಾನು ತುಟಿ ಬಿಚ್ಚಲಿಲ್ಲ. ಅವಳು ಒಮ್ಮೆ ತಾಯಿಯ ಮುಖ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು, ಸುಮ್ಮನೆ ಹಿಂದೆ ಹೋದಳು. ಘಟ್ಟದುದ್ದಕ್ಕೂ ನಾನು ಹಾರ್ನ್ ಮೇಲೆ ಸಿಟ್ಟು ತೀರಿಸಿಕೊಂಡೆ.

ಸತ್ಯಮಂಗಲದಲ್ಲಿ ತಾಯಿಯನ್ನು ಆಸ್ಪತ್ರೆಗೆ ಬಿಟ್ಟು ಬಂದವಳನ್ನು ಬಸ್‌ಸ್ಟ್ಯಾಂಡಿನ ಟೀ ಅಂಗಡಿಯ ಬೆಂಚಿನ ಹತ್ತಿರ ಹಿಡಿದೆ. "ನನ್ನ ಏನ್ ತಿಳ್ಕಂಡೆ ನೀನು? ಕೈಗ ಕೋಳಿ ಕೊಟ್ಟು ಕೂರ್ಸಕ್ಕ ನಾನೇನ್ ಕುಡುಕನಾ? ಕಾಲು ನಡುಗ್ತಿದ್ದದ್ದು ಕಂಡಿದ್ರ ಕಂಡದ ಅಂತ ಬಾಯ್ಬುಟ್ಟು ಏಳ್ಬೇಕಿತ್ತು. ನಾಟ್ಕ ಯಾಕ ಆಡ್ದೆ?" ಟೀ ಅಂಗಡಿಯವನು ಲೋಟ ತೊಳೆಯುವುದನ್ನು ನಿಲ್ಲಿಸಿದ.

ಅವಳು ಬೆಂಚಿನ ತುದಿಯಲ್ಲಿ ಕುಳಿತಳು. ಟೀ ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು.

"ನಮ್ಮವ್ರಿಗೂ ಇಂಗೇ ಆಗಿತ್ತು ಅಣ್ಣ" ಎಂದಳು. "ಘಟ್ಟದಲ್ಲಿ ಒಂದ್ ಲಾರಿ ಮ್ಯಾಲೇ ಬಂದ್ಬುಡ್ತು. ಕೂದ್ಲೆಳೇಲಿ ತಪ್ತು. ಯಾರ್ಗೂ ಏನೂ ಆಗ್ನಿಲ್ಲ. ಆಮ್ಯಾಲ ಊಟ ಮಾಡೋವಾಗ ಅವ್ರ ಕೈ ನಡುಗದ ನೋಡ್ದೆ. ನಾನು ಬಾಯ್ಬುಟ್ಟೇ ಏಳ್ದೆ, ನಿಮ್ಗ ಎದ್ರಿಕ ಆಗದ ಅಂತ. ಅಷ್ಟೇ ಅಲ್ಲ, ಅವ್ರ ಅಣ್ಣನ್ಗ ಏಳ್ದೆ, ನಮ್ಮವ್ವನ್ಗ ಏಳ್ದೆ. ಒಳ್ಳೇದಕ್ಕೇ ಏಳ್ದಿದ್ದು. ಎಲ್ರೂ ಬಂದ್ರು ಧೈರ್ಯ ಏಳಕ್ಕ. ತಾಯತ ಕಟ್ಟುದ್ರು. ಮಾದಪ್ಪನ ಗುಡ್ಡನ್ ಕರ್ಸಿ ದೇವ್ರು ಕೇಳ್ಸುದ್ರು, ಊರ್ ಮುಂದ ಕೂರ್ಸಿ. ಚಿಕ್ಕ ಐಕ್ಳೂ ಬಂದು ಮಾವ ಎದರ್ಬ್ಯಾಡ ಅನ್ನೋವು. ಅವ್ರು ಯಾರ್ಗೂ ಏನೂ ಅನ್ನಿಲ್ಲ. ಒಂದ್ ದಿನ ಕಾಯ್ಲೆ ರಜಾ ಆಕಿ ಮನೇಲೇ ಕುಂತ್ಬುಟ್ರು. ಆಮ್ಯಾಲ ಬೆಳಿಗ್ಗೇನೇ ಕುಡ್ಯಕ್ಕ ಸುರು ಮಾಡುದ್ರು. ಈಲಿ ಕೆಟ್ಟೋಯ್ತು ಅಂತ ಡಾಕ್ಟ್ರು ಅಂದ್ರು. ಎರಡು ವರ್ಸ ಮನೇಲಿದ್ರು ಅಣ್ಣ, ನನ್ ಜೊತ ಒಂದ್ ಮಾತಾಡ್ನಿಲ್ಲ."

ನನ್ನ ಸಿಟ್ಟು ಎಲ್ಲಿ ಇಳಿದುಹೋಯಿತೋ ಗೊತ್ತಿಲ್ಲ. ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತೆ.

"ಎದರ್ಕಂಡಿರೋ ಗಂಡಸ್ಗ ಧೈರ್ಯ ಏಳ್ಬಾರ್ದು. ಅವ್ನ ಬಾಯಲ್ಲೇ ಇನ್ನೊಬ್ರಿಗ ಏಳುಸ್ಬೇಕು. ಅದು ನಂಗ ತಡ್ವಾಗಿ ಗೊತ್ತಾಯ್ತು" ಎಂದಳು. "ವಾರ ನೋಡದು, ನಿಮ್ ಕಾಲು ಸರಿಯಾಗ್ದಿದ್ರ ನಾನೇ ಡಿಪೋಲಿ ಏಳದು ಅಂತಿದ್ದೆ. ಇಂದ್ಗಡ ಕುಂತೋರೂ ಮನ್ಸರೇ ಅಲ್ವಾ? ಆದ್ರ ಒಂದ್ ಮಾತು. ನಾನು ನಾಟ್ಕ ಆಡ್ನಿಲ್ಲ. ನಿಮ್ಮುಂದ ಸುಳ್ಳೂ ಏಳ್ನಿಲ್ಲ. ಆ ಮೋರಿ ಅತ್ರ ನಂಗ ಎದ್ರಿಕ ಇದ್ದದ್ದು ನಿಜ, ಎದೆ ಒಡ್ಕತಿದ್ದದ್ದು ನಿಜ. ಆನೇದಲ್ಲ. ನೀವು ಮಾತು ನಿಲ್ಸ್ಬುಡ್ತೀರಿ ಅಂತ."

ಟೀ ಆರಿತ್ತು, ಇಬ್ಬರೂ ಹಾಗೇ ಕುಡಿದೆವು. ಬೆಳಿಗ್ಗೆ ಮೋರಿಯ ಹತ್ತಿರ ನಾನು ತುಟಿ ಬಿಗಿದುಕೊಂಡು ಕುಳಿತಿದ್ದು, ಅವಳು ಹಿಂದೆ ಸರಿದುಹೋದದ್ದು ಕಣ್ಣ ಮುಂದೆ ಬಂತು. ಈ ಸೀಮೆಯಲ್ಲಿ ನಾನು ಬಹಳ ಗಟ್ಟಿಗರನ್ನು ನೋಡಿದ್ದೇನೆ, ಆನೆಗೆ ಎದುರು ನಿಂತವರನ್ನೂ ನೋಡಿದ್ದೇನೆ. ತನ್ನ ಹೊಟ್ಟೆಯೊಳಗಿನ ಬೆಂಕಿಯಲ್ಲೇ ಇನ್ನೊಬ್ಬರ ಚಳಿ ಕಾಯಿಸಿದವರೆಂದರೆ ಅವಳೊಬ್ಬಳನ್ನೇ ನೋಡಿದ್ದು.

ಸಾಯಂಕಾಲ ಹತ್ತಿ ಬರುವಾಗ ತಾಯಿ ಕಣ್ಣಿಗೆ ಔಷಧಿ ಹಾಕಿಸಿಕೊಂಡು ಹಿಂದೆ ಮಲಗಿದ್ದರು. ಸೀಗೆಕಾಯಿ ಅಜ್ಜಿ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದಳು. ದಿಂಬ ದಾಟಿ ಕಾಡಿನ ರಸ್ತೆಗೆ ತಿರುಗಿದೆವು. ಮೋರಿಯ ತಿರುವು ಇನ್ನೂ ದೂರವಿದ್ದಾಗಲೇ ಕನ್ನಡಿಯಲ್ಲಿ ನೋಡಿದೆ. ಅವಳು ಹಿಂದೆಯೇ ನಿಂತಿದ್ದಳು, ಬರಲೋ ಬೇಡವೋ ಎನ್ನುವಂತೆ.

"ಏನವ್ವ, ಬರಾಕಿಲ್ವಾ?" ಎಂದು ಕೂಗಿದೆ.

ಬಂದು ಕಂಬಿ ಹಿಡಿದು ನಿಂತಳು.

"ಇವತ್ತು ನನ್ ಬಾಯಿ ನೋವಾಗದ" ಎಂದೆ. "ನೀನು ಮಾತಾಡು. ಮೋರಿ ದಾಟೋಗಂಟ. ನಿಮ್ಮವ್ರ ವಿಷ್ಯ ಏಳು. ಕಾಯ್ಲೆ ಬ್ಯಾಡ, ಕುಡ್ತ ಬ್ಯಾಡ. ಮೊದ್ಲು ಎಂಗಿದ್ರು ಏಳು."

ಅವಳು ಗಾಜಿನಾಚೆ ನೋಡುತ್ತಾ ಶುರುಮಾಡಿದಳು. ಮದುವೆಗೆ ಮುಂಚೆ ಅವನು ಜೀರಹಳ್ಳಿಯ ದಾರಿಯಲ್ಲೇ ಬಸ್ಸು ಓಡಿಸುತ್ತಿದ್ದನಂತೆ. ಇವಳ ಮನೆಯ ಮುಂದೆ ಬಂದಾಗ ನಾಯಿ ಇಲ್ಲ, ದನ ಇಲ್ಲ, ಸುಮ್ಮನೆ ಹಾರ್ನ್ ಹೊಡೆಯುತ್ತಿದ್ದನಂತೆ. ಇವಳ ಅಜ್ಜಿ ದಿನಾ ಪೊರಕೆ ಹಿಡಿದುಕೊಂಡು ಹೊರಗೆ ಬಂದು, "ಇವನ್ ಆರ್ನು ಮುರಿದ್ ಬೀಳ!" ಎಂದು ಬೈಯುತ್ತಿದ್ದಳಂತೆ. ಒಂದು ದಿನ ಹಾರ್ನ್ ಕೆಟ್ಟಿತ್ತು. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಬಾಯಲ್ಲೇ "ಪೋಂಯ್" ಎಂದನಂತೆ. ಅದನ್ನು ಹೇಳುವಾಗ ಅವಳೂ ಬಾಯಲ್ಲಿ "ಪೋಂಯ್" ಎಂದಳು. ನಗು ತಡೆಯಲಾಗದೆ ಕಂಬಿಗೆ ಹಣೆಯಿಟ್ಟಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಮತ್ತೆ ಹೇಳಿದಳು, ಅವನಿಗೆ ಹುರುಳಿಕಾಳಿನ ಉಪ್ಪೆಸರು ಎಂದರೆ ಪ್ರಾಣ, ಮುದ್ದೆ ಮುರಿಯುವಾಗ ಗೇರು ಹಾಕುವ ಹಾಗೆ ಕೈ ತಿರುಗಿಸುತ್ತಿದ್ದ. ನಾನೂ ನಕ್ಕೆ. ನನ್ನ ಕಣ್ಣೂ ಮಂಜಾಗಿತ್ತು, ಅಷ್ಟೇ ಎಚ್ಚರದಿಂದ ಓಡಿಸಿದೆ.

ಎಷ್ಟು ದೂರ ಬಂದಿದ್ದೆವೋ, ಮುಂದಿನ ಸೀಟಿನಿಂದ ಅಜ್ಜಿ ಧಡಕ್ಕನೆ ಎದ್ದಳು.

"ಲೇ ಮೊಗಾ! ನಿಲ್ಸ್ಲಾ! ನಮ್ ಆಡಿ ದಾರಿ ಓಯ್ತಲ್ಲೋ! ಮೋರಿ ದಾಟಿ ಎಷ್ಟೊತ್ತಾಯ್ತು, ನಿಮ್ಮಿಬ್ರಿಗೂ ಬುದ್ಧಿ ಎಲ್ಲೋಗಿತ್ತು?"

ನಾನು ಬ್ರೇಕ್ ಹಾಕಿದೆ. ಅವಳು ಮುಖ ಒರೆಸಿಕೊಂಡು ಇಳಿದು, ಬಸ್ಸಿನ ಹಿಂದೆ ಹೋಗಿ ನಿಂತಳು. ರಿವರ್ಸ್ ಬರಬಹುದು ಎಂದು ವಿಸಿಲ್ ಊದಿದಳು. ನಾನು ಅಜ್ಜಿಯ ಬೈಗುಳವನ್ನೆಲ್ಲ ಬಾಯಿ ಮುಚ್ಚಿಕೊಂಡು ಕೇಳುತ್ತಾ, ಮೋರಿಯವರೆಗೂ ಬಸ್ಸನ್ನು ಹಿಂದಕ್ಕೆ ಬಿಟ್ಟೆ.